ಕೇಸು ಬಿದ್ದುಹೋದರೆ ದೂರು ಕೊಟ್ಟವಳ ಮೇಲೇ ಕೇಸಾ? ಬಿ ರಿಪೋರ್ಟಿನಿಂದ ಮೇಲ್ಮನವಿಯವರೆಗೆ

"ನೋಡಮ್ಮ, ನಾಳೆ ಕೇಸ್ ಬಿದ್ದುಹೋದ್ರೆ ನಿನ್ನ ಮೇಲೇ ಕೇಸ್ ಆಗುತ್ತೆ, ಯೋಚ್ನೆ ಮಾಡು." ಲೈಂಗಿಕ ದೌರ್ಜನ್ಯದ ದೂರು ಹಿಡಿದು ಠಾಣೆ ಮೆಟ್ಟಿಲು ಹತ್ತಿದ ಬಹಳಷ್ಟು ಹೆಣ್ಣುಮಕ್ಕಳು ಕೇಳಿರುವ ಮಾತಿದು. ಠಾಣೆಯಲ್ಲಿ ಹೇಳದಿದ್ದರೆ ಊರ ಹಿರಿಯರು ಹೇಳುತ್ತಾರೆ. ಅವರೂ ಸುಮ್ಮನಿದ್ದರೆ ಎದುರು ಪಕ್ಷದ ವಕೀಲರ ನೋಟಿಸು ಹೇಳುತ್ತದೆ.

ಆ ಮಾತಿಗೆ ಕಾನೂನಿನ ಆಧಾರವಿಲ್ಲ. ಆರೋಪ ಸಾಬೀತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರುದಾರಳನ್ನು ಶಿಕ್ಷಿಸುವ ಕಲಮು ನಮ್ಮ ಯಾವ ಕಾಯ್ದೆಯಲ್ಲೂ ಇಲ್ಲ. ನಿಜವಾದ ಅಪಾಯ ಬೇರೆ ಕಡೆ ಇದೆ. ಒಮ್ಮೆ ಪ್ರಮಾಣ ಮಾಡಿ ಹೇಳಿದ್ದನ್ನು ಇನ್ನೊಮ್ಮೆ ಪ್ರಮಾಣ ಮಾಡಿ ಅಲ್ಲಗಳೆದಾಗ ಅದು ಎದುರಾಗುತ್ತದೆ. ಸೋತವರಿಗಿಂತ ರಾಜಿಯಾಗಿ ಮಾತು ತಿರುಗಿಸಿದವರೇ ಇದರಲ್ಲಿ ಹೆಚ್ಚು ಸಿಕ್ಕಿಬೀಳುವುದು.

ಘಟನೆ 2024ರ ಜುಲೈ 1ರಂದು ಅಥವಾ ಆಮೇಲೆ ನಡೆದಿದ್ದರೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಅನ್ವಯಿಸುತ್ತದೆ, ಅದಕ್ಕೂ ಹಿಂದಿನದಾದರೆ ಹಳೆಯ ಐಪಿಸಿ. ಕೆಳಗೆ ಹೊಸ ಕಲಮುಗಳನ್ನೇ ಕೊಟ್ಟಿದ್ದೇವೆ. ವಕೀಲರ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಗಳೇ ಓಡಾಡುವುದರಿಂದ ಮುಖ್ಯವಾದ ಕಡೆ ಅವನ್ನೂ ಹೇಳಿದ್ದೇವೆ.

ಸಾಬೀತಾಗದ್ದು ಬೇರೆ, ಸುಳ್ಳು ಬೇರೆ

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರತಿ ವರ್ಷ ಹೊರತರುವ ಅಂಕಿ ಅಂಶಗಳ ಕೋಷ್ಟಕ ತೆರೆದು ನೋಡಿ. ಪೊಲೀಸರು ಮುಕ್ತಾಯ ಮಾಡಿದ ಪ್ರಕರಣಗಳಿಗೆ ಅಲ್ಲಿ ಬೇರೆ ಬೇರೆ ಕಾಲಂ ಇವೆ. ಒಂದು 'ಸುಳ್ಳು'. ಇನ್ನೊಂದು 'ವಾಸ್ತವಾಂಶದ ಅಥವಾ ಕಾನೂನಿನ ತಪ್ಪು ತಿಳಿವಳಿಕೆ, ಇಲ್ಲವೇ ಸಿವಿಲ್ ವ್ಯಾಜ್ಯ'. ಮತ್ತೊಂದು 'ನಿಜ, ಆದರೆ ಸಾಕ್ಷ್ಯ ಸಾಲದು ಅಥವಾ ಸುಳಿವಿಲ್ಲ'. ಸರ್ಕಾರದ ಲೆಕ್ಕದಲ್ಲೇ ಹೀಗೆ ಬೇರೆ ಬೇರೆಯಾಗಿರುವುದನ್ನು ಟಿವಿ ಚರ್ಚೆಯವರು ಒಟ್ಟು ಸೇರಿಸಿ 'ಸುಳ್ಳು ಕೇಸು' ಅನ್ನುತ್ತಾರೆ. ನ್ಯಾಯಾಲಯದ ಖುಲಾಸೆಗಳನ್ನೂ ಅದೇ ರಾಶಿಗೆ ಸುರಿಯುತ್ತಾರೆ.

ಕ್ರಿಮಿನಲ್ ಕೋರ್ಟು ಕೇಳುವುದು ಸಂಶಯಕ್ಕೆ ಎಡೆಯಿಲ್ಲದ ರುಜುವಾತು. ನೂರಕ್ಕೆ ಎಪ್ಪತ್ತು ಪಾಲು ನಿಜವಿರಬಹುದು ಅನ್ನಿಸಿದರೂ ನ್ಯಾಯಾಧೀಶರು ಬಿಡಲೇಬೇಕು. ಹಾಗಾಗಿ ಖುಲಾಸೆ ತೀರ್ಪಿನ ಅರ್ಥ 'ಅಭಿಯೋಜನೆ (ಸರ್ಕಾರದ ಪರ ಕೇಸು ನಡೆಸುವ ಪ್ರಾಸಿಕ್ಯೂಷನ್) ರುಜುವಾತು ಮಾಡಲಿಲ್ಲ' ಎಂದಷ್ಟೇ. 'ಆಕೆ ಸುಳ್ಳಿ' ಎಂದು ತೀರ್ಮಾನಿಸಲು ಬೇರೆಯದೇ ಸಾಕ್ಷ್ಯ ಬೇಕು, ಬೇರೆಯದೇ ವಿಚಾರಣೆ ನಡೆಯಬೇಕು. ಆ ವಿಚಾರಣೆಯಲ್ಲಿ ಆರೋಪಿ ಸ್ಥಾನದಲ್ಲಿ ನಿಲ್ಲುವವಳು ಆಕೆ. ಆದ್ದರಿಂದ ಸಂಶಯದ ಲಾಭವೂ ಆಕೆಗೇ ಸಲ್ಲಬೇಕು. ಇದನ್ನು ಮರೆಯುವವರು ಬಹಳ.

ಈ ವ್ಯತ್ಯಾಸವನ್ನು ಬಿಡಿಸಿ ಬರೆದಿರುವುದು ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013 (ಪಾಶ್). ಅದರ 14ನೇ ಕಲಮು ದುರುದ್ದೇಶದ ದೂರಿಗೆ ಕ್ರಮ ಕೈಗೊಳ್ಳಬಹುದು ಎನ್ನುತ್ತದೆ. ಅದರ ಬೆನ್ನಿಗೇ, ದೂರನ್ನು ಸಮರ್ಥಿಸಲು ಆಗಲಿಲ್ಲ ಅಥವಾ ಸಾಕಷ್ಟು ಪುರಾವೆ ಕೊಡಲಾಗಲಿಲ್ಲ ಎಂಬುದಷ್ಟಕ್ಕೇ ಕ್ರಮ ಬೇಕಿಲ್ಲ, ದುರುದ್ದೇಶವನ್ನು ವಿಚಾರಣೆ ನಡೆಸಿ ಸ್ಥಾಪಿಸಬೇಕು ಎಂದೂ ಹೇಳುತ್ತದೆ. ಆಂತರಿಕ ಸಮಿತಿಯ ವರದಿ 'ಸಾಬೀತಾಗಿಲ್ಲ' ಎಂದು ಬಂದ ಮರುದಿನವೇ ಎಚ್‌ಆರ್‌ನಿಂದ ಶೋಕಾಸ್ ನೋಟಿಸು ಬಂದರೆ, ಉತ್ತರದ ಮೊದಲ ಸಾಲಿನಲ್ಲೇ ಈ ಕಲಮನ್ನು ಬರೆಯಿರಿ. ವರದಿ ಒಪ್ಪಿಗೆಯಾಗದಿದ್ದರೆ ಶಿಫಾರಸು ಬಂದ 90 ದಿನದೊಳಗೆ 18ನೇ ಕಲಮಿನಡಿ ಮೇಲ್ಮನವಿ ಹಾಕಬಹುದು.

ಹಂತ 1: ದೂರು ಬರೆಯುವಾಗ

ಮುಂದೆ 'ಸುಳ್ಳು' ಎನ್ನಿಸಿಕೊಳ್ಳುವ ದೂರುಗಳಲ್ಲಿ ಎಷ್ಟೋ ಹಾಳಾಗುವುದು ಮೊದಲ ದಿನವೇ, ಬರವಣಿಗೆಯಲ್ಲಿ. ಗಾಬರಿಯಲ್ಲಿದ್ದಾಗ ಪಕ್ಕದಲ್ಲಿ ಕೂತವರು "ಟೈಮ್ ಕರೆಕ್ಟಾಗಿ ಹಾಕ್ಬೇಕು" ಎಂದು ಒತ್ತಾಯಿಸುತ್ತಾರೆ. 'ರಾತ್ರಿ 8.30ಕ್ಕೆ' ಎಂದು ಬರೆಸುತ್ತೀರಿ. ಮೊಬೈಲ್ ಕರೆ ವಿವರ ಬಂದಾಗ 8.30ಕ್ಕೆ ನೀವು ಬಸ್ಸಿನಲ್ಲಿದ್ದುದು ಕಾಣುತ್ತದೆ. ಘಟನೆ ನಡೆದದ್ದು 9.20ಕ್ಕೆ ಇರಬಹುದು. ಆದರೆ ಎದುರು ವಕೀಲರಿಗೆ ಅಷ್ಟೇ ಸಾಕು.

ಹೀಗೆ ಬರೆಯಿರಿ: 'ಸಮಯ ನಿಖರವಾಗಿ ನೋಡಿಲ್ಲ. ಪಿಜಿಯಲ್ಲಿ ಊಟ ಮುಗಿದು ಪಾತ್ರೆ ತೊಳೆಯುತ್ತಿದ್ದರು, ಸುಮಾರು ಎಂಟೂವರೆಯಿಂದ ಒಂಬತ್ತೂವರೆ ಇರಬಹುದು.' ಗೊತ್ತಿದ್ದದ್ದನ್ನು ಗೊತ್ತಿದೆ ಎಂದೂ, ಅಂದಾಜನ್ನು ಅಂದಾಜು ಎಂದೂ ಬರೆದರೆ ಅದನ್ನು ಯಾರೂ ಒಡೆಯಲಾರರು.

ಮುಜುಗರದ ಸಂಗತಿಗಳನ್ನು ಮುಚ್ಚಿಡಬೇಡಿ. ಆತನ ಪರಿಚಯವಿತ್ತು, ಚಾಟ್ ಮಾಡುತ್ತಿದ್ದೆ, ನಾನೇ ಅವನ ರೂಮಿಗೆ ಹೋದೆ, ಕುಡಿದಿದ್ದೆ, ಘಟನೆಯ ಮರುದಿನ ಅವನಿಗೆ ಮೆಸೇಜು ಹಾಕಿದ್ದೆ. ಇವು ಯಾವುವೂ ಒಪ್ಪಿಗೆ ಅನ್ನಿಸಿಕೊಳ್ಳುವುದಿಲ್ಲ. ದೈಹಿಕವಾಗಿ ಪ್ರತಿಭಟಿಸಲಿಲ್ಲ ಎಂಬ ಮಾತ್ರಕ್ಕೆ ಒಪ್ಪಿಗೆ ಇತ್ತು ಎಂದು ತಿಳಿಯುವಂತಿಲ್ಲ ಎಂದು ಬಿಎನ್‌ಎಸ್ 63ನೇ ಕಲಮೇ ಹೇಳುತ್ತದೆ. ಆದರೆ ಇವನ್ನು ಮುಚ್ಚಿಟ್ಟು, ಎರಡು ವರ್ಷದ ಮೇಲೆ ಆತನ ಫೋನಿನಿಂದ ಹೊರಬಂದರೆ, 'ಮುಚ್ಚಿಟ್ಟಳು' ಎಂಬುದೇ ತೀರ್ಪಿನ ಮುಖ್ಯ ವಾಕ್ಯವಾಗುತ್ತದೆ.

ತಡವಾಗಿ ದೂರು ಕೊಡುತ್ತಿದ್ದರೆ ಎಫ್‌ಐಆರ್ ನಮೂನೆಯಲ್ಲಿ ತಡಕ್ಕೆ ಕಾರಣ ಬರೆಯುವ ಕಾಲಂ ಇದೆ. ಅದರಲ್ಲಿ 'ಮಾನಸಿಕ ಆಘಾತ' ಎಂದು ಎರಡು ಪದ ಗೀಚಿ ಬಿಡಬೇಡಿ. ಯಾರಿಗೆ ಮೊದಲು ಹೇಳಿದಿರಿ, ಅವರು ಏನೆಂದರು, ಊರಿಗೆ ಯಾವಾಗ ಹೋದಿರಿ, ಮನೆಯಲ್ಲಿ ಯಾರು ಬೇಡ ಎಂದರು, ಎಲ್ಲವನ್ನೂ ಬರೆಸಿ. ಲೈಂಗಿಕ ಅಪರಾಧದಲ್ಲಿ ತಡವೊಂದನ್ನೇ ಹಿಡಿದು ದೂರನ್ನು ಅನುಮಾನಿಸಬಾರದು ಎಂದು ಸುಪ್ರೀಂ ಕೋರ್ಟ್ 1996ರ ಗುರ್ಮೀತ್ ಸಿಂಗ್ ಪ್ರಕರಣದಲ್ಲೇ ಹೇಳಿದೆ. ಆದರೆ ವಿವರಣೆಯೇ ಇಲ್ಲದ ತಡಕ್ಕೆ ಆ ತೀರ್ಪು ಹೆಚ್ಚು ಆಸರೆಯಾಗುವುದಿಲ್ಲ.

ಠಾಣೆ ನಿಮ್ಮ ವ್ಯಾಪ್ತಿಯದಲ್ಲ ಎಂದು ವಾಪಸು ಕಳಿಸುವಂತಿಲ್ಲ, ಝೀರೋ ಎಫ್‌ಐಆರ್ ಮಾಡಿಕೊಳ್ಳಬೇಕು (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 173). ಹೇಳಿಕೆಯನ್ನು ಮಹಿಳಾ ಅಧಿಕಾರಿ ದಾಖಲಿಸಬೇಕು. ಎಫ್‌ಐಆರ್ ಪ್ರತಿ ಉಚಿತ. ಇಮೇಲ್ ಮೂಲಕ ಕಳಿಸಿದ್ದರೆ 3 ದಿನದೊಳಗೆ ಹೋಗಿ ಸಹಿ ಹಾಕಿ. ಅತ್ಯಾಚಾರದ ದೂರು ದಾಖಲಿಸಿಕೊಳ್ಳದ ಪೊಲೀಸ್ ಅಧಿಕಾರಿಗೆ ಬಿಎನ್‌ಎಸ್ 199ರಡಿ ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷ ಕಠಿಣ ಸಜೆ ಇದೆ. 'ನಿನ್ನ ಮೇಲೇ ಕೇಸು' ಎಂದು ಹೆದರಿಸುವವರಿಗೆ ಈ ಸಂಖ್ಯೆ ನೆನಪಿಸಿದರೆ ದನಿ ಸ್ವಲ್ಪ ಇಳಿಯುತ್ತದೆ.

ವೈದ್ಯಕೀಯ ಪರೀಕ್ಷೆ ಮಾಹಿತಿ ಸಿಕ್ಕ 24 ಗಂಟೆಯೊಳಗೆ ಆಗಬೇಕು, ವೈದ್ಯರ ವರದಿ 7 ದಿನದೊಳಗೆ ತನಿಖಾಧಿಕಾರಿ ಕೈ ಸೇರಬೇಕು (ಬಿಎನ್‌ಎಸ್‌ಎಸ್ 184). 72 ಗಂಟೆ ಕಳೆದ ಮೇಲೆ ಮಾದರಿ ಸಿಗುವ ಸಾಧ್ಯತೆ ಬಹಳ ಕಡಿಮೆ. ಆದರೂ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ 96 ಗಂಟೆವರೆಗೆ ಸ್ವಾಬ್ ತೆಗೆಯಲು ಹೇಳುತ್ತದೆ, ಆದ್ದರಿಂದ ನಾಲ್ಕನೇ ದಿನವಾದರೂ ಹೋಗಿ. ಬಟ್ಟೆ ಒಗೆಯಬೇಡಿ. ಒದ್ದೆಯಿದ್ದರೆ ನೆರಳಲ್ಲಿ ಆರಿಸಿ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ತೇವ ಕೂತು ಬೂಷ್ಟು ಹಿಡಿಯುತ್ತದೆ, ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುವಷ್ಟರಲ್ಲಿ ಡಿಎನ್‌ಎ ಕೆಟ್ಟಿರುತ್ತದೆ. ಚಾಟ್‌ಗಳ ಸ್ಕ್ರೀನ್‌ಶಾಟ್ ತೆಗೆದರೆ ಸಾಲದು, ಮೂಲ ಫೋನನ್ನೇ ಉಳಿಸಿಕೊಳ್ಳಿ. ಅದರ ಪ್ರತಿ ಹಾಜರುಪಡಿಸುವಾಗ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕಾಗುತ್ತದೆ. ಸಿಸಿಟಿವಿ ದೃಶ್ಯಗಳ ಮೇಲೆ ಕೆಲವೇ ವಾರದಲ್ಲಿ ಹೊಸ ರೆಕಾರ್ಡಿಂಗ್ ಕೂತುಬಿಡುತ್ತದೆ. ಆ ಕಟ್ಟಡದ ದೃಶ್ಯ ತೆಗೆಸಿ ಎಂದು ತನಿಖಾಧಿಕಾರಿಗೆ ಮೊದಲ ವಾರದಲ್ಲೇ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ 'ಸಾಕ್ಷ್ಯವಿಲ್ಲ' ಎಂದು ವರದಿ ಬಂದಾಗ ಆ ಸ್ವೀಕೃತಿಯೇ ನಿಮ್ಮ ಮೊದಲ ಉತ್ತರ.

ಹಂತ 2: ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ

ವಕೀಲರು ಇನ್ನೂ '164 ಸ್ಟೇಟ್‌ಮೆಂಟ್' ಅನ್ನುತ್ತಾರೆ, ಈಗದು ಬಿಎನ್‌ಎಸ್‌ಎಸ್ 183. ಸಾಧ್ಯವಾದ ಮಟ್ಟಿಗೆ ಮಹಿಳಾ ಮ್ಯಾಜಿಸ್ಟ್ರೇಟರೇ ದಾಖಲಿಸಬೇಕು. ಆರೋಪಿ ಇರುವುದಿಲ್ಲ, ಪಾಟೀ ಸವಾಲೂ ಇರುವುದಿಲ್ಲ. ತನಿಖೆಯ ವೇಳೆ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಇಲ್ಲ, ಪ್ರಮಾಣವಿಲ್ಲ. ಇದಕ್ಕೆ ಎರಡೂ ಇವೆ. ಇಡೀ ಪ್ರಕರಣದಲ್ಲಿ ನಿಮ್ಮನ್ನು ಕಟ್ಟಿಹಾಕುವ ಮೊದಲ ಕಾಗದ ಇದು.

ಎಫ್‌ಐಆರ್‌ನಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಅಥವಾ ತಪ್ಪಾಗಿದ್ದರೆ ಸರಿಪಡಿಸಲು ಒಳ್ಳೆಯ ಜಾಗ ಇದೇ. "ಠಾಣೆಯಲ್ಲಿ ಬರೆದವರು ಹೀಗೆ ಬರೆದಿದ್ದಾರೆ, ನಡೆದದ್ದು ಹೀಗೆ" ಎಂದು ಬಾಯಿಬಿಟ್ಟು ಹೇಳಿ.

ಮನೆಯವರ ಒತ್ತಾಯಕ್ಕೆ ದೂರು ಆಗಿದ್ದರೂ ಸತ್ಯ ಹೇಳಬೇಕಾದ ಜಾಗ ಇದೇ. ಪ್ರೀತಿಸಿ ಮನೆಬಿಟ್ಟ ಹುಡುಗಿಯ ತಂದೆ ಅಪಹರಣ, ಅತ್ಯಾಚಾರ ಎಂದು ಬರೆಸಿ, ಆಮೇಲೆ ಹುಡುಗಿಯನ್ನು ಕೋರ್ಟಿಗೆ ಕರೆತರುವುದು ನಮ್ಮ ಜಿಲ್ಲಾ ನ್ಯಾಯಾಲಯಗಳಿಗೆ ಹೊಸದಲ್ಲ. ಆಕೆ ವಯಸ್ಕಳಾಗಿದ್ದು, 183ರ ಹೇಳಿಕೆಯಲ್ಲಿ "ನಾನೇ ಇಷ್ಟಪಟ್ಟು ಹೋದೆ" ಎಂದರೆ ಆಕೆ ಸುಳ್ಳು ದೂರುದಾರಳಾಗುವುದಿಲ್ಲ. ದೂರು ಆಕೆಯದಲ್ಲ, ತಂದೆಯದು. ಅದೇ ಆಕೆ ಅಲ್ಲಿ ಹೆದರಿ ತಂದೆಯ ಕತೆಯನ್ನೇ ಪ್ರಮಾಣ ಮಾಡಿ ಹೇಳಿ, ವಿಚಾರಣೆಯಲ್ಲಿ ನಿಜ ಹೇಳಿದರೆ ಸಿಕ್ಕಿಕೊಳ್ಳುವುದು ಆಕೆಯೇ.

ಮದುವೆಯ ಭರವಸೆ ಕೊಟ್ಟು ಕೈಬಿಟ್ಟ ಪ್ರಕರಣಗಳ ಬಗ್ಗೆ ಒಂದು ಮಾತು. ಮೊದಲಿನಿಂದಲೂ ಮದುವೆಯಾಗುವ ಉದ್ದೇಶವೇ ಇಲ್ಲದೆ ಕೊಟ್ಟ ಭರವಸೆ ಬೇರೆ, ಕೊಟ್ಟು ಆಮೇಲೆ ಮುರಿದದ್ದು ಬೇರೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಪ್ರಮೋದ್ ಸೂರ್ಯಭಾನ್ ಪವಾರ್ ಪ್ರಕರಣದಲ್ಲಿ ವಿಂಗಡಿಸಿತು. ಈಗ ಮೋಸದ ಭರವಸೆಗೆ ಬಿಎನ್‌ಎಸ್ 69 ಎಂಬ ಪ್ರತ್ಯೇಕ ಕಲಮಿದೆ, ಗರಿಷ್ಠ 10 ವರ್ಷ. ಇಲ್ಲಿ ಕೇಸು ಬೀಳುವುದು ಹೆಚ್ಚಾಗಿ ಆತನ ಆರಂಭದ ಉದ್ದೇಶ ತೋರಿಸಲಾಗದೆ. ಅದೂ ಸಾಬೀತಾಗದ್ದು ಅಷ್ಟೇ, ಸುಳ್ಳಲ್ಲ. ಆದರೆ ನಡೆದದ್ದು ಭರವಸೆ ಮುರಿದ ಸಂಗತಿಯಾಗಿದ್ದರೆ ಅದಕ್ಕೆ 'ಬಲಾತ್ಕಾರ' ಎಂಬ ಮಾತು ಸೇರಿಸಿ ಬಿಗಿಮಾಡಬೇಡಿ. ಬರೆದುಕೊಡುವವರು ಹಾಗೆ ಸೇರಿಸಿದ್ದರೆ ಹೊಡೆದುಹಾಕಿಸಿ. ಆ ಒಂದು ಪದ ನಿಜವಾದ ದೂರನ್ನೂ ಮುಳುಗಿಸುತ್ತದೆ.

ಹಂತ 3: ಬಿ ರಿಪೋರ್ಟ್ ಬಂದಾಗ

ಅತ್ಯಾಚಾರ ಪ್ರಕರಣದ ತನಿಖೆ 2 ತಿಂಗಳಲ್ಲಿ ಮುಗಿಯಬೇಕು, ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸಬೇಕು (ಬಿಎನ್‌ಎಸ್‌ಎಸ್ 193). ಪ್ರಕರಣ ಮುಚ್ಚಲು ಪೊಲೀಸರು ಕೋರ್ಟಿಗೆ ಕೊಡುವ ವರದಿಗೆ ಕರ್ನಾಟಕದಲ್ಲಿ ಹೀಗೆ ಹೆಸರು: ಪತ್ತೆಯಾಗದ ಪ್ರಕರಣಕ್ಕೆ ಸಿ ರಿಪೋರ್ಟ್. ಸುಳ್ಳು, ತಪ್ಪು ತಿಳಿವಳಿಕೆ, ಸಿವಿಲ್ ಸ್ವರೂಪ, ಸಾಕ್ಷ್ಯ ಸಾಲದು ಎಂಬುವೆಲ್ಲ ಸಾಮಾನ್ಯವಾಗಿ ಬಿ ರಿಪೋರ್ಟಿನ ಚೀಲಕ್ಕೇ ಬೀಳುತ್ತವೆ. ಅದಕ್ಕೇ ಮೊದಲು ಮಾಡಬೇಕಾದ ಕೆಲಸ, ವರದಿಯ ಕೊನೆಯ ಪುಟ ಓದುವುದು. 'ಸಾಕ್ಷ್ಯಾಧಾರಗಳು ಲಭ್ಯವಾಗದ ಕಾರಣ' ಎಂದಿದೆಯೋ, 'ಸುಳ್ಳು ಪ್ರಕರಣವೆಂದು ಕಂಡುಬಂದಿರುವುದರಿಂದ' ಎಂದಿದೆಯೋ? ಎರಡನೆಯದಾದರೆ ಸುಮ್ಮನೆ ಕೂರಬೇಡಿ. ತಕರಾರಿಲ್ಲದೆ ಅಂಗೀಕಾರವಾದ ಆ ವಾಕ್ಯ ಮುಂದೆ ನಿಮ್ಮ ವಿರುದ್ಧ ಹೊರಬರುತ್ತದೆ.

ನಿಮಗೆ ನೋಟಿಸು ಕೊಟ್ಟು ಕೇಳದೆ ಮ್ಯಾಜಿಸ್ಟ್ರೇಟರು ಬಿ ರಿಪೋರ್ಟ್ ಅಂಗೀಕರಿಸುವಂತಿಲ್ಲ, ಇದು 1985ರ ಭಗವಂತ್ ಸಿಂಗ್ ತೀರ್ಪು. ನೋಟಿಸು ಹಳೆಯ ವಿಳಾಸಕ್ಕೆ ಹೋಗಿ ವಾಪಸಾಗುವುದು ಇಲ್ಲಿನ ಮಾಮೂಲಿ ಎಡವಟ್ಟು. ಪಿಜಿ ಅಥವಾ ಬಾಡಿಗೆ ಮನೆ ಬದಲಿಸಿದಾಗಲೆಲ್ಲ ಠಾಣೆಗೂ ಕೋರ್ಟಿಗೂ ಹೊಸ ವಿಳಾಸ ಕೊಡಿ.

ಹಾಜರಾದ ದಿನ ವರದಿ ಮತ್ತು ಅದರ ಜೊತೆಗಿನ ಹೇಳಿಕೆ, ಮಹಜರು, ವೈದ್ಯಕೀಯ ವರದಿಗಳ ನಕಲಿಗೆ ಅರ್ಜಿ ಹಾಕಿ, ತಕರಾರು ಅರ್ಜಿಗೆ (ಎಲ್ಲರೂ ಪ್ರೊಟೆಸ್ಟ್ ಪಿಟಿಷನ್ ಅನ್ನುವುದು ಇದಕ್ಕೇ) ಸಮಯ ಕೇಳಿ. ಅರ್ಜಿಯಲ್ಲಿ ಪೊಲೀಸರನ್ನು ಬೈಯುವುದರಿಂದ ಏನೂ ಸಿಗದು. ಯಾವ ಸಾಕ್ಷಿಯನ್ನು ವಿಚಾರಿಸಲಿಲ್ಲ, ಯಾವ ಫೋನನ್ನು ವಶಪಡಿಸಲಿಲ್ಲ, ಯಾವ ದೃಶ್ಯ ತೆಗೆಸಲಿಲ್ಲ ಎಂದು ಒಂದೊಂದಾಗಿ ಬರೆಯಿರಿ. ಜೊತೆಗೆ ಘಟನೆಯ ಪೂರ್ಣ ವಿವರ, ಆರೋಪಿಯ ಹೆಸರು, ಸಾಕ್ಷಿಗಳ ಪಟ್ಟಿ ಇರಲಿ. ಅರ್ಜಿ ದೂರಿನ ರೂಪದಲ್ಲಿದ್ದರೆ ಮಾತ್ರ ಅದನ್ನು ದೂರೆಂದು ಪರಿಗಣಿಸಲು ಸಾಧ್ಯ.

ಕೇಳುವುದೇನು? ಎರಡು ದಾರಿಗಳಿವೆ, ಇಲ್ಲೇ ಎಷ್ಟೋ ವಕೀಲರು ಅವಸರ ಮಾಡುತ್ತಾರೆ. ಒಂದು, 193(9)ರಡಿ ಹೆಚ್ಚಿನ ತನಿಖೆ. ಇನ್ನೊಂದು, ಬಿ ರಿಪೋರ್ಟ್ ತಿರಸ್ಕರಿಸಿ, ತಕರಾರು ಅರ್ಜಿಯನ್ನೇ ದೂರೆಂದು ತೆಗೆದುಕೊಂಡು, ನಿಮ್ಮ ಪ್ರಮಾಣಿತ ಹೇಳಿಕೆ ದಾಖಲಿಸುವುದು (ಬಿಎನ್‌ಎಸ್‌ಎಸ್ 223). ಎರಡನೆಯ ದಾರಿ ಬೇಗ ಸಾಗುವಂತೆ ಕಾಣುತ್ತದೆ. ಆದರೆ ಅತ್ಯಾಚಾರ ಸೆಷನ್ಸ್ ಕೋರ್ಟಿನಲ್ಲಿ ನಡೆಯುವ ಪ್ರಕರಣ, ಹಾಗಾಗಿ ಆ ದಾರಿಯಲ್ಲಿ ಎಲ್ಲ ಸಾಕ್ಷಿಗಳನ್ನೂ ನೀವೇ ಕರೆತಂದು ಪ್ರಮಾಣ ಮಾಡಿಸಿ ಹೇಳಿಸಬೇಕು. ಕರೆ ವಿವರ, ಡಿಎನ್‌ಎ, ಸಿಸಿಟಿವಿ ತರುವ ಕೈ ನಿಮಗಿಲ್ಲ. ಸಾಲದೆಂಬಂತೆ, ಕೋರ್ಟು ದೂರನ್ನು ವಿಚಾರಣೆಗೆ ಎತ್ತಿಕೊಳ್ಳುವ (ಕಾಗ್ನಿಜೆನ್ಸ್) ಮೊದಲು ಆರೋಪಿಯ ಮಾತನ್ನೂ ಕೇಳಬೇಕು ಎಂದು ಹೊಸ ಸಂಹಿತೆ ಸೇರಿಸಿದೆ. ಪ್ರಯೋಗಾಲಯದ ಅಥವಾ ಮೊಬೈಲಿನ ಸಾಕ್ಷ್ಯ ಬಾಕಿಯಿದ್ದರೆ ಮೊದಲು ಹೆಚ್ಚಿನ ತನಿಖೆ ಕೇಳುವುದೇ ಸರಿ. ಎರಡನೆಯ ದಾರಿ ಹಿಡಿದರೆ ಕ್ರಮ ತಪ್ಪಬಾರದು: ಮೊದಲು ಬಿ ರಿಪೋರ್ಟ್ ತಿರಸ್ಕರಿಸಿದ ಆದೇಶ, ಆಮೇಲೆ ಹೇಳಿಕೆ. ಕರ್ನಾಟಕ ಹೈಕೋರ್ಟ್ 2018ರಲ್ಲಿ ಈ ಕ್ರಮವನ್ನು ವಿವರವಾಗಿ ಬರೆದಿದೆ. ತಿರಸ್ಕಾರದ ಆದೇಶವಿಲ್ಲದೆ ಸಮನ್ಸ್ ಹೊರಟ ಪ್ರಕರಣಗಳು ಹೈಕೋರ್ಟಿನಲ್ಲಿ ರದ್ದಾಗುತ್ತವೆ, ಎರಡು ವರ್ಷ ನೀರುಪಾಲು.

ವಕೀಲರಿಗೆ ಹಣವಿಲ್ಲ ಎಂಬುದು ಕಾರಣವಾಗಬೇಕಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಹಕ್ಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟ್ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100.

ಹಂತ 4: ಸಾಕ್ಷಿ ಕಟಕಟೆ

ಚಾರ್ಜ್‌ಶೀಟ್ ಪ್ರತಿ ಈಗ ಆರೋಪಿಗೆ ಮಾತ್ರವಲ್ಲ, ವಕೀಲರನ್ನಿಟ್ಟುಕೊಂಡ ಸಂತ್ರಸ್ತೆಗೂ ಸಿಗಬೇಕು (ಬಿಎನ್‌ಎಸ್‌ಎಸ್ 230). ಪಿಪಿಗೆ (ಸರ್ಕಾರಿ ವಕೀಲರಿಗೆ) ನೆರವಾಗಲು ನಿಮ್ಮ ವಕೀಲರಿಗೆ ಕೋರ್ಟ್ ಅನುಮತಿ ಕೊಡಬಹುದು. ಸಾಕ್ಷಿ ಹೇಳುವ ಮುನ್ನ ನಿಮ್ಮ ಎಫ್‌ಐಆರ್, 183ರ ಹೇಳಿಕೆಗಳನ್ನು ನಿಧಾನವಾಗಿ ಓದಿಕೊಳ್ಳಿ. ಬಾಯಿಪಾಠ ಬೇಡ.

ನಮ್ಮ ಕೋರ್ಟುಗಳಲ್ಲಿ ಪಾಟೀ ಸವಾಲಿನ ಉತ್ತರ '...ಎಂದರೆ ಸರಿ', '...ಎಂದರೆ ಸರಿಯಲ್ಲ' ಎಂದು ದಾಖಲಾಗುತ್ತದೆ. ಪ್ರಶ್ನೆ ಹೀಗಿರುತ್ತದೆ: "ಆ ದಿನ ನೀವೇ ಫೋನ್ ಮಾಡಿ ಕರೆಸಿಕೊಂಡು, ಜೊತೆಯಲ್ಲಿ ಊಟ ಮಾಡಿ, ಆಮೇಲೆ ದುಡ್ಡಿನ ವಿಷಯಕ್ಕೆ ಜಗಳವಾಯಿತು ಎಂದರೆ ಸರಿಯೇ?" ಫೋನ್ ಮಾಡಿದ್ದು ನಿಜ, ಊಟವೂ ನಿಜ. ಮೂರನೇ ದಿನದ ಸುಸ್ತಿನಲ್ಲಿ "ಸರಿ" ಎಂದುಬಿಟ್ಟರೆ ಜಗಳವೂ ಒಪ್ಪಿದಂತೆ ಟೈಪಾಗುತ್ತದೆ. ತುಂಡು ಮಾಡಿ ಉತ್ತರಿಸಿ: "ಫೋನ್ ಮಾಡಿದ್ದು ಸರಿ, ಊಟ ಮಾಡಿದ್ದು ಸರಿ, ದುಡ್ಡಿನ ಜಗಳ ಆಗಲಿಲ್ಲ." ಸಹಿಗೆ ಮುಂಚೆ ಟೈಪಾದ ಹಾಳೆ ಪೂರ್ತಿ ಓದಿ, ತಪ್ಪಿದ್ದರೆ ಅಲ್ಲೇ ನ್ಯಾಯಾಧೀಶರಿಗೆ ಹೇಳಿ.

ಇನ್ನೊಂದು ಹಳ್ಳ, ಬಿಟ್ಟುಹೋದ ಸಂಗತಿ. "ಬಾಗಿಲು ಚಿಲಕ ಹಾಕಿದ" ಎಂದು ಕೋರ್ಟಿನಲ್ಲಿ ಮೊದಲ ಬಾರಿ ಹೇಳುತ್ತೀರಿ, ಹಳೆಯ ಹೇಳಿಕೆಯಲ್ಲಿ ಅದಿಲ್ಲ. ತನಿಖಾಧಿಕಾರಿ ಕಟಕಟೆಗೆ ಬಂದಾಗ "ಆಕೆ ನಿಮ್ಮ ಮುಂದೆ ಹಾಗೆ ಹೇಳಿದ್ದರೇ?" "ಇಲ್ಲ." ಮುಖ್ಯ ಸಂಗತಿಯಾದರೆ ಈ ಲೋಪವೂ ವಿರೋಧಾಭಾಸವೇ ಆಗುತ್ತದೆ. ಖುಲಾಸೆಗೆ ಕಾರಣವಾಗಬಹುದು. ಆದರೆ ಇಂಥ ಲೋಪ ಸುಳ್ಳು ಸಾಕ್ಷ್ಯದ ಅಪರಾಧವಲ್ಲ.

ನಿಮ್ಮ ಹಿಂದಿನ ಲೈಂಗಿಕ ಅನುಭವದ ಬಗ್ಗೆ ಒಪ್ಪಿಗೆ ಸಾಧಿಸಲು ಪ್ರಶ್ನೆ ಹಾಕುವಂತಿಲ್ಲ. ಎರಡು ಬೆರಳಿನ ಪರೀಕ್ಷೆ ಮಾಡಿದ ವೈದ್ಯರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಹೇಳಿದೆ. ಕೋರ್ಟುಗಳೂ ಎಡವುತ್ತವೆ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ, ಕೃತ್ಯದ ನಂತರ ನಿದ್ದೆ ಹೋದೆ ಎಂಬುದು ಭಾರತೀಯ ಮಹಿಳೆಗೆ ತಕ್ಕದ್ದಲ್ಲ ಎಂಬರ್ಥದ ಸಾಲು ಬಂತು. ಆಕ್ಷೇಪ ಎದ್ದ ಮೇಲೆ ಅದನ್ನು ಆದೇಶದಿಂದ ತೆಗೆಯಲಾಯಿತು. ನಿಮ್ಮ ಆದೇಶದಲ್ಲಿ ಇಂಥ ಸಾಲು ಕಂಡರೆ ತೆಗೆಸಲು ಅರ್ಜಿ ಹಾಕಬಹುದು.

ರಾಜಿ: ನಿಜವಾದ ಗುಂಡಿ

ಸಾಕ್ಷಿಗೆ ಸಮನ್ಸ್ ಬಂದ ವಾರವೇ ಹಿರಿಯರು ಮನೆಗೆ ಬರುತ್ತಾರೆ. "ಆಗಿದ್ದು ಆಯ್ತು ಬಿಡಮ್ಮ, ಕೋರ್ಟಲ್ಲಿ ಗೊತ್ತಿಲ್ಲ ಅಂದ್ಬಿಡು, ನಿಂಗೇನೂ ಆಗಲ್ಲ." ಆಗುತ್ತದೆ. ಅತ್ಯಾಚಾರ ರಾಜಿಯಾಗುವ ಅಪರಾಧವಲ್ಲ. ಇಂಥ ಪ್ರಕರಣವನ್ನು ಒಪ್ಪಂದದ ಮೇಲೆ ರದ್ದು ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಮ್‌ಜಿ ಲಾಲ್ ಬೈರ್ವಾ ಪ್ರಕರಣದಲ್ಲಿ ಮತ್ತೆ ಹೇಳಿತು. ಆದ್ದರಿಂದ ರಾಜಿಗೆ ಉಳಿಯುವುದು ಒಂದೇ ಮಾರ್ಗ, ನಿಮ್ಮ ಬಾಯಿಂದ ಸುಳ್ಳು ಹೇಳಿಸುವುದು. ಆತ ಖುಲಾಸೆಯಾಗಿ ಮನೆಗೆ ಹೋಗುತ್ತಾನೆ. ನಿಮ್ಮ ಹೆಸರಿನಲ್ಲಿ ಪ್ರಮಾಣ ಮಾಡಿದ ಎರಡು ವಿರುದ್ಧ ಹೇಳಿಕೆಗಳು ಕಡತದಲ್ಲಿ ಉಳಿಯುತ್ತವೆ, ಒಂದು ಸುಳ್ಳಿರಲೇಬೇಕು. ಅದೇ ನ್ಯಾಯಾಧೀಶರು ಬಿಎನ್‌ಎಸ್‌ಎಸ್ 383ರಡಿ (ಹಳೆಯ 344) ಅಲ್ಲೇ ಸಂಕ್ಷಿಪ್ತ ವಿಚಾರಣೆ ನಡೆಸಿ 3 ತಿಂಗಳವರೆಗೆ ಸಜೆ, 1,000 ರೂಪಾಯಿವರೆಗೆ ದಂಡ ಹಾಕಬಹುದು. ಮಧ್ಯಂತರ ಪರಿಹಾರ ಪಡೆದಿದ್ದರೆ ಅದನ್ನು ವಾಪಸು ಕೇಳುವ ಪ್ರಶ್ನೆಯೂ ಏಳುತ್ತದೆ.

ಬೆದರಿಕೆ ಇದ್ದರೆ ಕಟಕಟೆ ಹತ್ತುವ ಮುಂಚೆ ಹೇಳಿ. ಸುಳ್ಳು ಸಾಕ್ಷಿ ಹೇಳುವಂತೆ ಬೆದರಿಸುವುದು ಬಿಎನ್‌ಎಸ್ 232ರಡಿ ಅಪರಾಧ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಿದರೆ ಪೊಲೀಸರಿಂದ ಬೆದರಿಕೆ ವಿಶ್ಲೇಷಣಾ ವರದಿ ತರಿಸಿ ರಕ್ಷಣೆ ಕೊಡುತ್ತಾರೆ.

ಹಂತ 5: ಖುಲಾಸೆಯಾದ ಮೇಲೆ

ತೀರ್ಪಿನ ಪ್ರಮಾಣೀಕೃತ ನಕಲಿಗೆ ಅದೇ ವಾರ ಅರ್ಜಿ ಹಾಕಿ. ಖುಲಾಸೆಯ ವಿರುದ್ಧ ಮೇಲ್ಮನವಿ ಹಾಕಲು ಸರ್ಕಾರಕ್ಕಾಗಿ ಕಾಯಬೇಕಿಲ್ಲ, ಬಿಎನ್‌ಎಸ್‌ಎಸ್ 413 ಸಂತ್ರಸ್ತರಿಗೇ ಆ ಹಕ್ಕು ಕೊಡುತ್ತದೆ. ಅದಕ್ಕೆ ಮುಂಗಡ ಅನುಮತಿಯೂ ಬೇಡ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು ಕರ್ನಾಟಕದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ, 2018ರ ಅಕ್ಟೋಬರ್‌ನಲ್ಲಿ. 30 ದಿನದೊಳಗೆ ಹಾಕಿಬಿಡಿ, ತಡವಾಯಿತು ಎಂಬ ವಾದಕ್ಕೆ ಜಾಗವೇ ಇರುವುದಿಲ್ಲ.

ಖುಲಾಸೆಯಾದರೆ ಪರಿಹಾರವೂ ಹೋಯಿತು ಎಂದು ತಿಳಿದವರು ತುಂಬ ಜನ. ಬಿಎನ್‌ಎಸ್‌ಎಸ್ 396 ಓದಿ: ಪ್ರಕರಣ ಖುಲಾಸೆಯಲ್ಲಿ ಮುಗಿದರೂ ಸಂತ್ರಸ್ತರಿಗೆ ಪುನರ್ವಸತಿ ಬೇಕಿದ್ದರೆ ಕೋರ್ಟ್ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಕಾನೂನು ಸೇವಾ ಪ್ರಾಧಿಕಾರ 2 ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ. ಸಾಬೀತಾಗದ್ದೆಲ್ಲ ಸುಳ್ಳು ಎಂಬುದು ಕಾನೂನಿನ ಅಭಿಪ್ರಾಯವಾಗಿದ್ದರೆ ಈ ಸಾಲು ಅಲ್ಲಿರುತ್ತಲೇ ಇರಲಿಲ್ಲ.

ಹಂತ 6: ಪ್ರತಿ ಕೇಸು ಬಂದರೆ

'182 ಹಾಕ್ತೀವಿ' ಎಂಬ ಪೊಲೀಸ್ ಮಾತು ಈಗ ಬಿಎನ್‌ಎಸ್ 217: ಸುಳ್ಳೆಂದು ಗೊತ್ತಿದ್ದೂ ಅಧಿಕಾರಿಗೆ ಮಾಹಿತಿ ಕೊಟ್ಟರೆ 1 ವರ್ಷದವರೆಗೆ ಸಜೆ, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ 211 ಈಗ 248: ಹಾನಿ ಮಾಡುವ ಉದ್ದೇಶದಿಂದ, ನ್ಯಾಯಯುತ ಆಧಾರವಿಲ್ಲವೆಂದು ತಿಳಿದೂ ಆರೋಪ ಹೊರಿಸಿದರೆ 5 ವರ್ಷದವರೆಗೆ ಸಜೆ, ಅತ್ಯಾಚಾರದಂಥ ಗಂಭೀರ ಆರೋಪವಾದರೆ 10 ವರ್ಷದವರೆಗೆ. ಸುಳ್ಳು ಸಾಕ್ಷ್ಯಕ್ಕೆ 229, 7 ವರ್ಷದವರೆಗೆ. ಅಂಕಿ ಕೇಳಿ ಹೆದರಬೇಡಿ. 217, 248 ಎರಡರಲ್ಲೂ 'ತಿಳಿದೂ' ಎಂಬ ಪದವೇ ಕಂಬ. ಗುರುತು ಹಿಡಿಯುವಾಗ ತಪ್ಪಿದ್ದು, ಸಮಯ ಮರೆತದ್ದು, ಸಾಕ್ಷಿ ಕೈಕೊಟ್ಟದ್ದು ಇದರೊಳಗೆ ಬರುವುದಿಲ್ಲ.

ದಾರಿಯೂ ಕಿರಿದು. 217ಕ್ಕೆ ಸಂಬಂಧಪಟ್ಟ ಅಧಿಕಾರಿ ಅಥವಾ ಅವರ ಮೇಲಧಿಕಾರಿಯೇ ಮ್ಯಾಜಿಸ್ಟ್ರೇಟರಿಗೆ ಬರಹದಲ್ಲಿ ದೂರು ಕೊಡಬೇಕು (ಬಿಎನ್‌ಎಸ್‌ಎಸ್ 215), ಆರೋಪಿಯೇ ನೇರ ಹಾಕುವಂತಿಲ್ಲ. ಅದಕ್ಕೆ ಕಾಲಮಿತಿ 1 ವರ್ಷ. ವಿಷಯ ಕೋರ್ಟ್ ಕಲಾಪಕ್ಕೆ ಸೇರಿದ್ದಾದರೆ ಆ ಕೋರ್ಟೇ ಬಿಎನ್‌ಎಸ್‌ಎಸ್ 379ರಡಿ (ಹಳೆಯ 340) ದೂರು ಕೊಡಬೇಕು. ಅದೂ ನ್ಯಾಯದ ಹಿತಕ್ಕೆ ಅಗತ್ಯ ಎಂದು ಕಂಡರೆ ಮಾತ್ರ. ಒಂದು ಎಚ್ಚರಿಕೆ: ಈ ಹಂತದಲ್ಲಿ ನಿಮ್ಮ ಮಾತು ಕೇಳುವುದು ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಜಸ್ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಖುಲಾಸೆಯ ನಂತರವೂ ಆರು ತಿಂಗಳು ಆ ಕೋರ್ಟಿನ ಕಡತದ ಮೇಲೆ ಕಣ್ಣಿಡಲು ವಕೀಲರಿಗೆ ಹೇಳಿ. ಆದೇಶ ಬಂದರೆ 380ರಡಿ ಮೇಲ್ಮನವಿ ಇದೆ.

ಮಾನನಷ್ಟದ ನೋಟಿಸಿಗೆ ಉತ್ತರ ಸುಲಭ: ಅಧಿಕಾರ ಉಳ್ಳವರ ಮುಂದೆ ಸದ್ಭಾವನೆಯಿಂದ ಮಾಡಿದ ಆರೋಪ ಬಿಎನ್‌ಎಸ್ 356ರ ಎಂಟನೇ ವಿನಾಯಿತಿಯಲ್ಲಿ ಬರುತ್ತದೆ. ಫೇಸ್‌ಬುಕ್ ಬರಹಕ್ಕೆ ಅದು ಸಿಗುವುದಿಲ್ಲ. ಲೈಂಗಿಕ ಕಿರುಕುಳದ ಆರೋಪವನ್ನು ಸಾರ್ವಜನಿಕವಾಗಿ ಬರೆದದ್ದಕ್ಕೆ ಮಾಜಿ ಕೇಂದ್ರ ಸಚಿವ ಎಂ.ಜೆ. ಅಕ್ಬರ್ ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ ದೆಹಲಿಯ ನ್ಯಾಯಾಲಯ 2021ರ ಫೆಬ್ರುವರಿ 17ರಂದು ಪತ್ರಕರ್ತೆ ಪ್ರಿಯಾ ರಮಣಿಯವರನ್ನು ಖುಲಾಸೆ ಮಾಡಿದ್ದು ನಿಜ, ಆದರೆ ಅದಕ್ಕೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕೋರ್ಟ್ ಅಲೆಯಬೇಕಾಯಿತು.

ಮಕ್ಕಳ ವಿಷಯದಲ್ಲಿ ಕಾನೂನು ನೇರವಾಗಿದೆ. ಪೋಕ್ಸೊ 22(2): ಸುಳ್ಳು ದೂರು ಮಗುವಿನಿಂದಲೇ ಬಂದಿದ್ದರೂ ಮಗುವಿಗೆ ಶಿಕ್ಷೆಯಿಲ್ಲ. ದುರುದ್ದೇಶದಿಂದ ಕೊಡಿಸಿದ ದೊಡ್ಡವರಿಗೆ ಇದೆ.

ಆರೋಪ ನಿಜಕ್ಕೂ ಸುಳ್ಳಾಗಿದ್ದರೆ

ಅಂಥ ಪ್ರಕರಣಗಳೂ ಇವೆ. ಆರೋಪ ಹೊತ್ತವರ ನೋವು ಸಣ್ಣದಲ್ಲ. ಅವರಿಗೆ ಬಿಎನ್‌ಎಸ್‌ಎಸ್ 528ರಡಿ (ಹಳೆಯ 482) ಹೈಕೋರ್ಟಿನಲ್ಲಿ ರದ್ದತಿ ಕೋರುವ ದಾರಿಯಿದೆ, ಖುಲಾಸೆಯ ನಂತರ 379ರ ಅರ್ಜಿಯಿದೆ. ಆ ಅರ್ಜಿ ಗೆಲ್ಲಬೇಕಾದರೆ ಖುಲಾಸೆ ತೀರ್ಪನ್ನು ಲಗತ್ತಿಸಿದರೆ ಸಾಲದು. ಆ ಹೊತ್ತು ಆತ ಬೇರೆ ಊರಿನಲ್ಲಿದ್ದುದಕ್ಕೆ ದಾಖಲೆ, ದುಡ್ಡು ಕೇಳಿದ ಮೆಸೇಜು, ಮುಂಚೆಯೇ ಹೂಡಿದ ಸಂಚಿನ ಆಡಿಯೋ, ಇಂಥ ಧನಾತ್ಮಕ ಪುರಾವೆ ಬೇಕು. ಆಕೆಯ ಹೆಸರು, ಫೋಟೋ ಹಾಕಿ 'ಸುಳ್ಳು ಕೇಸಿನ ಹೆಣ್ಣು' ಎಂದು ವಾಟ್ಸಾಪಿನಲ್ಲಿ ಹರಿಬಿಟ್ಟರೆ ಆತನೇ ಹೊಸ ಅಪರಾಧ ಮಾಡಿದಂತೆ.

ಸುಳ್ಳು ದೂರಿಗೆ ತಾನಾಗಿಯೇ ಕೇಸು ಬೀಳುವ ಕಾನೂನು ಬೇಕು ಎಂಬ ಕೂಗು ಆಗಾಗ ಏಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅದರಿಂದ ಹೆಚ್ಚು ಕೆಡುವುದು ಸುಳ್ಳು ಆರೋಪ ಹೊತ್ತವರ ಪಾಡೇ. ಒತ್ತಡಕ್ಕೆ ಸುಳ್ಳು ಬರೆಸಿದ ಹುಡುಗಿ ಎರಡನೇ ವಾರದಲ್ಲಿ ನಿಜ ಹೇಳಬೇಕೆಂದುಕೊಂಡರೂ ಹೇಳಲಾರಳು, ಹೇಳಿದರೆ ಜೈಲು. ಕೊನೆಯವರೆಗೂ ಸುಳ್ಳಿಗೇ ಅಂಟಿಕೊಳ್ಳುತ್ತಾಳೆ.

ಹೆಸರು

ಬಿಎನ್‌ಎಸ್ 72 ಗುರುತು ಬಯಲು ಮಾಡುವುದನ್ನು ನಿಷೇಧಿಸುತ್ತದೆ, 2 ವರ್ಷದವರೆಗೆ ಸಜೆ. ಅಲ್ಲಿರುವುದು 'ಅಪರಾಧ ನಡೆದಿದೆ ಎಂದು ಆರೋಪಿಸಲಾದ ಅಥವಾ ಕಂಡುಬಂದ' ವ್ಯಕ್ತಿ ಎಂಬ ಮಾತು. ಆರೋಪ ಇದ್ದರೆ ಸಾಕು, ಖುಲಾಸೆಯಾದ ಮಾತ್ರಕ್ಕೆ ಆ ಹೊದಿಕೆ ಕಳಚುವುದಿಲ್ಲ. ಆದರೂ ತೀರ್ಪಿನ ಪ್ರತಿ ಇ-ಕೋರ್ಟ್ಸ್ ತಾಣಕ್ಕೆ ಏರುವಾಗ ಸಾಕ್ಷಿಗಳ ಪಟ್ಟಿಯಲ್ಲಿ 'ಪಿಡಬ್ಲ್ಯೂ 1' (ಅಭಿಯೋಜನೆಯ ಮೊದಲ ಸಾಕ್ಷಿ) ಪಕ್ಕ ನಿಮ್ಮ ಹೆಸರು, ಪಿಡಬ್ಲ್ಯೂ 2 ಪಕ್ಕ ತಾಯಿಯ ಹೆಸರು ಉಳಿದುಬಿಡುತ್ತದೆ. ತೀರ್ಪು ಏರಿದ ದಿನವೇ ತೆರೆದು ಕೊನೆಯ ಅನುಬಂಧದವರೆಗೂ ನೋಡಿ. ಹೆಸರು, ಊರು, ಕಾಲೇಜು, ಸಂಬಂಧಿಕರ ಹೆಸರು ಎಲ್ಲಿದ್ದರೂ ಪುಟ ಸಂಖ್ಯೆ ಸಮೇತ ಗುರುತು ಹಾಕಿಕೊಂಡು, ಅದೇ ಕೋರ್ಟಿಗೆ ಒಂದು ಪುಟದ ಮೆಮೊ ಕೊಟ್ಟು ಮರೆಮಾಚಿದ ಪ್ರತಿಯನ್ನು ಏರಿಸುವಂತೆ ಕೇಳಿ.